ಧಾರವಾಡ ಶಿಲೆಗಳ ಪೂರ್ವಾಪರ ವಿಚಾರ



ಒಂದು ಗುಡಿಯ ಕಾಲವನ್ನು ನಿರ್ಣಯಿಸಬೇಕಾದಾಗ ವಿದ್ವಾಂಸರು ಮೊದಲು ಅಲ್ಲಿಯ ಶಾಸನವನ್ನು ಓದುತ್ತಾರೆ. ಶಾಸನವಿಲ್ಲದಿದ್ದರೆ ಕಂಬಗಳ ಕಡೆತವನ್ನೂ ಗೋಡೆಗಳ ಕೂಡುಗಟ್ಟನ್ನೂ ನಿರೀಕ್ಷಿಸಿ, ಇದು ಮೊದಲು ಕಟ್ಟಿದ್ದು, ಇದು ಆಮೇಲೆ ಸೇರಿಸಿದ್ದು ಎಂದು ಪೂರ್ವಾಪರಗಳನ್ನು ಗೊತ್ತುಮಾಡುತ್ತಾರೆ. ಆ ಗುಡಿಯನ್ನು ಹೊತ್ತಿರುವ ಬಂಡೆಗೆ ಶಾಸನವನ್ನು ಬರೆಸಿದ ಅರಸರು ಯಾರೂ ಇಲ್ಲ. ಆದರೂ ಅದರ ಪೂರ್ವಾಪರಗಳನ್ನು ತಿಳಿಯುವುದಕ್ಕೆ ಮಾರ್ಗವುಂಟು. ಅದು ಗ್ರಂಥಾಲಯದಲ್ಲಿ ಕುಳಿತು ಸಾಧಿಸತಕ್ಕ ಮಾರ್ಗವಲ್ಲ. ಹಳ್ಳಕೊಳ್ಳಗಳಲ್ಲಿಳಿದು, ಗುಡ್ಡಗಳನ್ನೇರಿ, ಕಲ್ಲನ್ನು ಕೈಯಲ್ಲಿ ಹಿಡಿದು ಸಾಧಿಸತಕ್ಕ ಮಾರ್ಗ. ಕನ್ನಡನಾಡಿನ ಬಂಡೆಗಳ ವಿಷಯದಲ್ಲಿ ಸುಮಾರು ನೂರು ವರ್ಷಗಳ ಕಾಲ ನಡೆದ ಒಂದು ವಾದವನ್ನು ಎತ್ತಿಕೊಂಡು, ಆ ಮಾರ್ಗದ ಸ್ವರೂಪವೇನು, ಅದರಿಂದ ಸಿದ್ಧಿಸಿದ್ದೇನು ಎಂಬುದನ್ನು ವಿವರಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶ.

ವಾದದ ವಿಷಯವು ಹೀಗಿದೆ. ದಕ್ಷಿಣ ಕರ್ನಾಟಕದ ಬಯಲುಸೀಮೆಗೆ ಬಹುಮಟ್ಟಿಗೆ ನೈಸ್ ಎಂಬ ಶಿಲೆಯೇ ಅಡಿಗಲ್ಲು. ಇದು ಬೂದುಬಣ್ಣದ್ದು, ಬಿಳಿಯ ಮತ್ತು ಕಪ್ಪಿನ ಪಟ್ಟೆಗಳು ಇದರಲ್ಲಿ ಅಲೆಯಲೆಯಾಗಿ ಹರಿದಿರುವುವು. ಬೆಂಗಳೂರಿನ ಲಾಲ್‌ಬಾಗಿನ ಹೆಬ್ಬಂಡೆಯನ್ನು ಕಂಡವರು ಈ ಶಿಲೆಯನ್ನು ಕಂಡಂತೆಯೇ. ಈ ವಿಸ್ತಾರವಾದ ಹಾಸಿನ ನಡುನಡುವೆ, ದಕ್ಷಿಣೋತ್ತರವಾಗಿ ಚಾಚಿದ ನೀಳವಾದ ಪಟ್ಟಿಗಳಲ್ಲಿ, ಬೇರೊಂದು ಜಾತಿಯ ಶಿಲೆಗಳು ತಲೆಯೆತ್ತಿವೆ. ಹಸುರುಗಪ್ಪಿನ ಪದರುಶಿಲೆ, ಬೆಣಚುಶಿಲೆ, ಸುಣ್ಣದ ಕಲ್ಲು, ಕಬ್ಬಿಣದ ಅದಿರಿನ ಪಟ್ಟೆಗಲ್ಲು, ಪುರಾತನವಾದ ಲಾವಾಶಿಲೆ—ಇವೆಲ್ಲ ಆ ಪಟ್ಟಿಗಳಲ್ಲಿ ಸೇರಿರುವುವು. ಬಾಬಾಬುಡನ್ ಗಿರಿ, ಕುದುರೆಮುಖ, ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡ, ಇವು ಆ ಶಿಲೆಗಳಿಂದಾದ ಬೆಟ್ಟಗಳು. ಶಾಸ್ತ್ರಜ್ಞರು ಇವಕ್ಕೆ ಧಾರವಾಡ ಶಿಲೆಗಳೆಂದು ಹೆಸರಿಟ್ಟಿದ್ದಾರೆ. ಹಾಗಾದರೆ ಇವೆರಡರಲ್ಲಿ ಹಿರಿಯದು ಯಾವುದು? ನೈಸಿನ ಹಾಸು ಮೊದಲಿದ್ದು ಅದರ ಮೇಲೆ ಧಾರವಾಡ ಶಿಲೆಗಳು ಕೂಡಿದವೋ, ಅಥವಾ ಧಾರವಾಡ ಶಿಲೆಗಳು ಮೊದಲಿದ್ದು ಅವುಗಳ ನಡುವೆ ನೈಸಿನ ದ್ರವವು ಕೆಳಗಿನಿಂದ ನುಗ್ಗಿ ಹೆಪ್ಪುಗಟ್ಟಿತೋ?

ಈ ಪ್ರಶ್ನೆ ಕೇವಲ ಪಂಡಿತರ ವಿನೋದವಲ್ಲ. ಚಿನ್ನ, ಕಬ್ಬಿಣ, ಮ್ಯಾಂಗನೀಸ್, ತಾಮ್ರ ಮೊದಲಾದ ಧಾತುಗಳು ಕನ್ನಡನಾಡಿನಲ್ಲಿ ಬಹುವಾಗಿ ಈ ಪಟ್ಟಿಗಳಲ್ಲಿಯೇ ದೊರೆಯುವುವು. ಅವು ಯಾವ ಕ್ರಮದಲ್ಲಿ ಉಂಟಾದವೆಂದು ತಿಳಿಯದವನು ಗಣಿಯನ್ನು ಎಲ್ಲಿ ಅಗೆಯಬೇಕೆಂದು ತಿಳಿಯಲಾರನು. ಅದಕ್ಕಿಂತ ಮಿಗಿಲಾಗಿ, ಭೂಮಿಗೆ ಮೊತ್ತಮೊದಲು ಗಟ್ಟಿಯಾದ ನೆಲ ಎಂತು ದೊರಕಿತು, ನೀರು ಎಂದು ನಿಂತಿತು ಎಂಬ ಮಹಾಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಸ್ಥಳಗಳು ಲೋಕದಲ್ಲಿ ಬಹಳವಿಲ್ಲ. ಅಂತಹ ಸ್ಥಳಗಳಲ್ಲಿ ಚಿತ್ರದುರ್ಗದ ಸೀಮೆಯೂ ಒಂದು.

ಚಿತ್ರದುರ್ಗದ ಪಟ್ಟಿಯು ಉತ್ತರದಲ್ಲಿ ಗದಗಿನ ಕಡೆಯಿಂದ ತೊಡಗಿ, ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳ ಮೇಲೆ ಹಾದು, ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ೪೦೦ ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿದೆ. ಇದನ್ನು ಅರಿಯಬೇಕೆನ್ನುವವನು ಪಟ್ಟಿಯ ಉದ್ದಕ್ಕೆ ನಡೆದರೆ ಸಾಲದು. ಉದ್ದಕ್ಕೆ ನಡೆದವನಿಗೆ ಒಂದೇ ಶಿಲೆ ದಿನಗಟ್ಟಲೆ ಕಾಣುತ್ತ ಹೋಗುವುದು. ಆದಕಾರಣ ಅಡ್ಡಲಾಗಿ ನಡೆಯತಕ್ಕದ್ದು. ಹಿರಿಯೂರಿನ ಮೂಡಣ ಬಯಲಿನಿಂದ ಹೊರಟು ಪಡುವಣ ಹೊಳಲ್ಕೆರೆಯ ಕಡೆಗೆ ನಡೆಯುವವನಿಗೆ ನೆಲವು ಹೆಜ್ಜೆಹೆಜ್ಜೆಗೂ ಬೇರೆ ಮಾತನ್ನಾಡುತ್ತದೆ. ನೈಸಿನ ಮೇಲೆ ಕೆಮ್ಮಣ್ಣು, ಮರಳುಮಣ್ಣು, ಗರಸು. ಪದರುಶಿಲೆಯ ಸೀಮೆಯನ್ನು ಹೊಕ್ಕೊಡನೆ ಅನೇಕ ಕಡೆಗಳಲ್ಲಿ ಮಣ್ಣು ಕಪ್ಪಾಗುತ್ತದೆ. ಸಾಲುಗುಡ್ಡಗಳು ಎದುರಾಗುತ್ತವೆ, ಅವುಗಳ ಬೆನ್ನಿನ ಮೇಲೆ ಸವೆಯದೆ ನಿಂತಿರುವುದು ಗಟ್ಟಿಯಾದ ಬೆಣಚುಶಿಲೆ, ಇಲ್ಲವೆ ಕಬ್ಬಿಣದ ಪಟ್ಟೆಗಲ್ಲು. ಆ ಗುಡ್ಡಗಳ ಸಾಲನ್ನು ವೇದಾವತಿಯು ಸೀಳಿಕೊಂಡು ಹೊರಬರುವ ಇಕ್ಕಟ್ಟಿನ ಕಣಿವೆಯೇ ಮಾರಿಕಣಿವೆ. ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ಅಣೆಕಟ್ಟು ಅಲ್ಲಿಯೇ ನಿಂತಿದೆ. ಇನ್ನು ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಹೊತ್ತಿರುವ ದುಂಡುಬಂಡೆಗಳಾದರೋ ನೈಸೂ ಅಲ್ಲ, ಪದರುಶಿಲೆಯೂ ಅಲ್ಲ; ಪದರುಶಿಲೆಗಳನ್ನು ಭೇದಿಸಿಕೊಂಡು ಆಮೇಲೆ ಮೇಲೆದ್ದ ಗ್ರಾನೈಟು.

ಆ ಸೀಮೆಯ ಒಕ್ಕಲಿಗರೂ ಕಲ್ಲುಕುಟಿಗರೂ ಈ ಭೇದಗಳನ್ನು ಬಹುಕಾಲದಿಂದ ಬಲ್ಲರು. ಬೆಣಚುಕಲ್ಲು, ಬಳಪದ ಕಲ್ಲು, ಕರಿಕಲ್ಲು, ಸುಣ್ಣದ ಕಲ್ಲು, ಕಾಗೆಬಂಗಾರ ಎಂಬ ಹೆಸರುಗಳು ಶಾಸ್ತ್ರಗ್ರಂಥಗಳಿಂದ ಬಂದವಲ್ಲ. ಬಾವಿಯನ್ನು ತೋಡುವವನಿಗೆ ಎಷ್ಟು ಮೊಳದ ಕೆಳಗೆ ಗರಸು ಮುಗಿದು ಬಂಡೆ ಹತ್ತುವುದೆಂಬುದು ಗೊತ್ತು. ಕ್ಷೇತ್ರದಲ್ಲಿ ಶೋಧನೆಗೆ ತೊಡಗಿದವನು ಇವರ ಮಾತನ್ನು ಕೇಳಿ, ಇವರು ತೋಡಿದ ಬಾವಿಯ ದಂಡೆಯಲ್ಲಿ ಬಿದ್ದ ಕಲ್ಲನ್ನು ನೋಡಿ ಮುಂದುವರಿಯುವುದು ವಿವೇಕ. ಮಣ್ಣು ಮುಚ್ಚಿದ ಬಯಲಿನಲ್ಲಿ ಅಡಿಯ ಶಿಲೆಯನ್ನು ತೋರಿಸುವ ಕಿಟಕಿ ಎಷ್ಟೋ ಸಲ ಅದೊಂದೇ ಆಗಿರುತ್ತದೆ.

ಇನ್ನು ಸಾಧನಗಳ ವಿಚಾರ. ಅವು ಬಹಳ ಅಲ್ಪ. ಒಂದು ಸುತ್ತಿಗೆ, ಒಂದು ದಿಕ್ಸೂಚಿ, ಓರೆಯನ್ನು ಅಳೆಯುವ ಒಂದು ಕೋನಮಾಪಕ, ಹತ್ತರಷ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಸುಣ್ಣದ ಅಂಶವಿದ್ದರೆ ನೊರೆಯೆಬ್ಬಿಸುವ ದುರ್ಬಲವಾದ ಆಮ್ಲದ ಒಂದು ಸೀಸೆ, ಆ ಪ್ರದೇಶದ ನಕ್ಷೆ, ಟಿಪ್ಪಣಿಯ ಪುಸ್ತಕ. ಬಿಸಿಲು, ಮಳೆ, ಗಾಳಿಗಳಿಂದ ಹೊರಮೈ ಬಣ್ಣಗೆಟ್ಟ ಕಲ್ಲು ತನ್ನ ಜಾತಿಯನ್ನು ಮರೆಮಾಡುವುದು. ಆದುದರಿಂದ ಸುತ್ತಿಗೆಯಿಂದ ಒಡೆದು ಹೊಸಮೈಯನ್ನು ನೋಡತಕ್ಕದ್ದು. ಅನಂತರ ಪದರವು ಯಾವ ದಿಕ್ಕಿಗೆ ಚಾಚಿದೆ, ಯಾವ ಕಡೆಗೆ ಎಷ್ಟು ಓರೆಯಾಗಿ ನೆಲದೊಳಕ್ಕೆ ಇಳಿದಿದೆ ಎಂಬೆರಡನ್ನೂ ಅಳೆದು ನಕ್ಷೆಯ ಮೇಲೆ ಗುರುತಿಸತಕ್ಕದ್ದು. ಇಂತಹ ನೂರಾರು ಗುರುತುಗಳು ಕೂಡಿದ ಮೇಲೆ, ಕಣ್ಣಿಗೆ ಎಂದೂ ಒಟ್ಟಾಗಿ ಕಾಣದ ದೊಡ್ಡ ಮಡಿಕೆಗಳು ಕಾಗದದ ಮೇಲೆ ತಾವಾಗಿಯೇ ಮೂಡುವುವು. ಕಂಡದ್ದನ್ನು ಕಂಡ ಸ್ಥಳದಲ್ಲಿಯೇ ಬರೆಯಬೇಕು. ಊಹಿಸಿದ್ದನ್ನು ಕಂಡದ್ದರೊಡನೆ ಬೆರಸದೆ ಬೇರೆಯಾಗಿ ಬರೆಯಬೇಕು. ಪ್ರತ್ಯಕ್ಷ, ಅನುಮಾನಗಳ ಭೇದವನ್ನು ತರ್ಕಶಾಸ್ತ್ರದಲ್ಲಿ ಓದಿದವರಿಗೆ ಈ ನಿಯಮದ ಬೆಲೆಯನ್ನು ಹೇಳತಕ್ಕುದೇನೂ ಇಲ್ಲ.

ಇಂತು ನಡೆದು ನೋಡಿದವರಲ್ಲಿ ಮೊದಲಿಗರು ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲೇಯರು. ಅವರು ೧೮೩೪ರಲ್ಲಿ ಜನಿಸಿ, ೧೮೫೮ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. ೧೮೬೩ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದವರೂ ಅವರೇ. ಮುಂಬಯಿ ಕರ್ನಾಟಕ, ಹೈದರಾಬಾದು ಸೀಮೆ, ಬಳ್ಳಾರಿ, ಮೈಸೂರು, ಇಷ್ಟು ಪ್ರಾಂತ್ಯಗಳನ್ನು ಅವರು ವರ್ಷಾನುವರ್ಷ ಡೇರೆ ಹೂಡಿ ಸಂಚರಿಸಿ ನೋಡಿದರು. ಧಾರವಾಡ, ಬೆಳಗಾವಿ, ಕಲಾದಗಿಗಳ ಸುತ್ತಣ ನೆಲವನ್ನು ಕುರಿತ ಅವರ ಬೃಹದ್ವರದಿಯು ೧೮೭೬ರಲ್ಲಿ ಪ್ರಕಟವಾಯಿತು. ಅದುವರೆಗೆ ದಕ್ಷಿಣದ ಹಳೆಯ ಶಿಲೆಗಳೆಲ್ಲವನ್ನೂ ಒಂದೇ ರಾಶಿಯೆಂದು ಗಣಿಸುವ ವಾಡಿಕೆಯಿದ್ದಿತು. ಪದರುಶಿಲೆಗಳ ಪಟ್ಟಿಗಳು ನೈಸಿನಿಂದ ಬೇರೆಯಾದ ಒಂದು ಸಮೂಹವೆಂದು ವಿಂಗಡಿಸಿ, ೧೮೮೦ರ ದಶಕದಲ್ಲಿ ಧಾರವಾಡದ ಹೆಸರನ್ನು ಅದಕ್ಕಿಟ್ಟವರು ಫೂಟರು. ಚಿತ್ರದುರ್ಗದ ಪಟ್ಟಿಯನ್ನು ಅವರು ಡಂಬಳ–ಚಿಕ್ಕನಾಯಕನಹಳ್ಳಿಯ ಪಟ್ಟಿಯೆಂದು ಕರೆದರು. ದಕ್ಷಿಣದಲ್ಲಿ ಚಿನ್ನವನ್ನು ಗರ್ಭೀಕರಿಸಿದ ಮುಖ್ಯ ಶಿಲೆಗಳು ಇವೇ ಎಂದೂ ಸಾರಿದರು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಅವರು ೧೯೧೨ರಲ್ಲಿ ತೀರಿಕೊಂಡರು.

ಹಿರಿಯದು ಯಾವುದೆಂಬ ಪ್ರಶ್ನೆಗೆ ಫೂಟರ ಉತ್ತರವು ಸ್ಪಷ್ಟವಾಗಿದ್ದಿತು. ನೈಸು ಮೊದಲಿನದು, ಅದು ಸವೆದು ತಟ್ಟಾದ ಮೇಲೆ ಧಾರವಾಡದ ಪದರಗಳು ಅದರ ಮೇಲೆ ಕೂಡಿದವು, ತದನಂತರ ಭೂಮಿಯ ಒತ್ತಡದಿಂದ ಎರಡೂ ಮಡಿಸಿಹೋದವು. ಮಡಿಕೆಯ ಏರುಭಾಗಗಳಲ್ಲಿದ್ದ ಧಾರವಾಡ ಶಿಲೆಗಳು ಸವೆದು ಅಳಿದು, ಇಳಿಭಾಗಗಳಲ್ಲಿ ಸಿಕ್ಕಿಕೊಂಡವು ಮಾತ್ರ ಪಟ್ಟಿಗಳಾಗಿ ಉಳಿದಿವೆ. ಇದು ಅವರ ಪಕ್ಷ.

ಫೂಟರ ತರುವಾಯ ಮೈಸೂರು ಇಲಾಖೆಯ ಆಡಳಿತವು ಡಬ್ಲ್ಯು. ಎಫ್. ಸ್ಮೀತ್ ಎಂಬವರ ಕೈಸೇರಿತು. ಸ್ಮೀತರೂ ಅವರ ಸಹೋದ್ಯೋಗಿಗಳೂ ಸಂಸ್ಥಾನದ ನೆಲವನ್ನು ಇನ್ನೂ ನಿಕಟವಾಗಿ ಶೋಧಿಸಿದರು. ಪಟ್ಟಿಗಳ ಅಂಚುಗಳಿಗೆ ಹೋಗಿ ನೋಡಿದಾಗ ಅವರಿಗೆ ಬೇರೆಯೇ ಸಾಕ್ಷ್ಯ ದೊರಕಿತು. ನೈಸಿನ ಬಿಳಿಯ ನಾಳಗಳು ಹಸುರುಗಪ್ಪಿನ ಪದರುಶಿಲೆಯನ್ನು ಸೀಳಿಕೊಂಡು ಒಳಹೊಕ್ಕಿದ್ದುವು. ನೈಸಿನ ಒಡಲಿನಲ್ಲಿ ಕಪ್ಪಾದ ಪದರುಶಿಲೆಯ ಚೂರುಗಳು ಸಿಕ್ಕಿಕೊಂಡು ನಿಂತಿದ್ದುವು. ಸೀಳಿದ್ದು ಸೀಳಿಸಿಕೊಂಡದ್ದಕ್ಕಿಂತ ಈಚಿನದು, ನುಂಗಿದ್ದು ನುಂಗಿಸಿಕೊಂಡದ್ದಕ್ಕಿಂತ ಈಚಿನದು. ಆದುದರಿಂದ ಧಾರವಾಡ ಶಿಲೆಯೇ ಹಿರಿಯದು, ನೈಸು ಕಿರಿಯದು ಎಂದು ಅವರು ನಿರ್ಣಯಿಸಿದರು. ಸ್ಮೀತರು ೧೯೧೬ರಲ್ಲಿ ಪ್ರಕಟಿಸಿದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಈ ಪಕ್ಷವನ್ನು ಪ್ರತಿಪಾದಿಸಿದ್ದಾರೆ. ಪರ್ಯಾಯದ್ವೀಪದ ನೈಸ್ ಎಂಬ ಹೆಸರು ರೂಢವಾದುದೂ ಅವರಿಂದಲೇ.

ಈ ಪಕ್ಷಕ್ಕೆ ಅಡ್ಡಿಯಾಗಿ ನಿಂತದ್ದು ಒಂದೇ ವಸ್ತು: ಕಾಂಗ್ಲೋಮರೇಟ್ ಎಂಬ ಶಿಲೆ. ಹೊಳೆಯ ಪಾತ್ರದಲ್ಲಿ ಉರುಳಿ ದುಂಡಾದ ಕಲ್ಲುಗಳು ಮರಳು, ಕೆಸರುಗಳೊಡನೆ ಬೆಸೆದು ಗಟ್ಟಿಯಾದರೆ ಈ ಶಿಲೆಯಾಗುತ್ತದೆ. ಧಾರವಾಡದ ಪಟ್ಟಿಗಳಲ್ಲಿ, ಹೊಳಲ್ಕೆರೆಯ ಸೀಮೆಯ ತಾಳ್ಯದಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದಲ್ಲಿ, ಇನ್ನೂ ಕೆಲವು ಕಡೆಗಳಲ್ಲಿ ಇದು ಕಾಣಬರುತ್ತದೆ. ಆ ದುಂಡುಕಲ್ಲುಗಳಲ್ಲಿ ಗ್ರಾನೈಟಿನವೂ ನೈಸಿನವೂ ಇವೆ. ಧಾರವಾಡ ಶಿಲೆಗಳೇ ಆದಿಯವಾದರೆ, ಅವುಗಳೊಳಗೆ ಈ ಕಲ್ಲುಗಳು ಎಲ್ಲಿಂದ ಬಂದವು? ಸ್ಮೀತರ ಪಕ್ಷದವರು ಇದಕ್ಕೊಂದು ಸಮಾಧಾನವನ್ನು ಹೇಳಿದರು. ಇವು ಹೊಳೆಯಲ್ಲಿ ಉರುಳಿದವಲ್ಲ. ಒಳಹೊಕ್ಕ ನಾಳಗಳು ಭೂಮಿಯ ಒತ್ತಡದಲ್ಲಿ ನಜ್ಜುಗುಜ್ಜಾಗಿ, ಚೂರಾಗಿ, ತೇದು ದುಂಡಾಗಿ ಹೊಳೆಯ ಕಲ್ಲಿನಂತೆ ತೋರುತ್ತವೆ ಎಂದರು.

ವಾದವು ಇಲ್ಲಿಗೆ ಬಂದು ನಿಂತಾಗ ಅದನ್ನು ತೀರಿಸತಕ್ಕದ್ದು ಯಾವ ಪಕ್ಷದ ಗೌರವವೂ ಅಲ್ಲ, ಆ ಕಲ್ಲೇ. ನೈಯಾಯಿಕರ ಪಂಚಾವಯವ ಕ್ರಮದಲ್ಲಿ ಇದನ್ನು ಹೀಗೆ ಇಡಬಹುದು. ಈ ಗ್ರಾನೈಟು ಧಾರವಾಡದ ಈ ಪದರಕ್ಕಿಂತ ಹಿರಿಯದು—ಇದು ಪ್ರತಿಜ್ಞೆ. ಇದರ ಉರುಳುಗಲ್ಲುಗಳು ಆ ಪದರದಲ್ಲಿ ಸೇರಿರುವುದರಿಂದ—ಇದು ಹೇತು. ಯಾವುದು ಯಾವುದರಲ್ಲಿ ಘಟಕವಾಗಿ ಸೇರಿದೆಯೋ ಅದು ಅದಕ್ಕಿಂತ ಪೂರ್ವದ್ದು, ಗೋಡೆಯಲ್ಲಿಟ್ಟ ಇಟ್ಟಿಗೆಯಂತೆ—ಇದು ಉದಾಹರಣೆ. ಈ ಗ್ರಾನೈಟಿನ ಕಲ್ಲೂ ಇಟ್ಟಿಗೆಯಂತೆಯೇ ಸೇರಿದೆ—ಇದು ಉಪನಯ. ಆದುದರಿಂದ ಇದು ಹಿರಿಯದು—ಇದು ನಿಗಮನ. ಸ್ಮೀತರ ಪಕ್ಷದವರು ವ್ಯಾಪ್ತಿಯನ್ನು ಅಲ್ಲಗಳೆಯಲಿಲ್ಲ; ಹೇತುವನ್ನೇ ಅಸಿದ್ಧವೆಂದರು. ಉರುಳುಗಲ್ಲೇ ಅಲ್ಲವೆಂದ ಮೇಲೆ ಅನುಮಾನವೆಲ್ಲಿ? ಹೀಗಿರಲು, ಇದು ಉರುಳುಗಲ್ಲು ಹೌದೋ ಅಲ್ಲವೋ ಎಂಬುದನ್ನು ನಿಶ್ಚಯಿಸುವುದಕ್ಕೆ ಆ ಸ್ಥಳಕ್ಕೆ ಹೋಗಿ ನೋಡುವುದೊಂದೇ ಗತಿ.

ಹಾಗೆ ಹೋಗಿ ನೋಡಿದವರಲ್ಲಿ ಸಿ. ಎಸ್. ಪಿಚಮುತ್ತು ಅವರು ಮುಖ್ಯರು. ಕಲ್ದುರ್ಗದ ಕಾಂಗ್ಲೋಮರೇಟನ್ನು ಕುರಿತ ಅವರ ಲೇಖನವು ೧೯೩೫ರಲ್ಲಿ ಪ್ರಕಟವಾಯಿತು. ಇಂತಹ ಸ್ಥಳದಲ್ಲಿ ಪರೀಕ್ಷಿಸತಕ್ಕ ಲಕ್ಷಣಗಳು ಯಾವುವೆಂಬುದನ್ನು ಕೊಂಚ ವಿವರವಾಗಿ ಹೇಳುವುದು ಉಚಿತ. ಒಂದು ಬಂಡೆ ತನ್ನ ಸ್ಥಾನದಲ್ಲಿಯೇ ನಜ್ಜಾದರೆ ದೊರೆಯುವ ಚೂರುಗಳು ಆ ಬಂಡೆಯ ಜಾತಿಯವೋ ಅದರ ಪಕ್ಕದ ಬಂಡೆಯ ಜಾತಿಯವೋ ಆಗಿರಬೇಕಲ್ಲದೆ, ದೂರದ ನಾನಾ ಜಾತಿಯ ಕಲ್ಲುಗಳು ಅಲ್ಲಿ ಕಲೆತಿರಲಾರವು. ಹೊಳೆಯಾದರೋ ತಾನು ಹರಿದುಬಂದ ಸೀಮೆಗಳೆಲ್ಲದರ ಕಲ್ಲನ್ನೂ ಹೊತ್ತು ತರುತ್ತದೆ. ಆದಕಾರಣ ಒಂದೇ ಪದರದಲ್ಲಿ ಗ್ರಾನೈಟು, ಬೆಣಚುಶಿಲೆ, ಹಸುರುಶಿಲೆಗಳು ಅಕ್ಕಪಕ್ಕದಲ್ಲಿ ದುಂಡಾಗಿ ಕುಳಿತಿದ್ದರೆ, ಅದು ನೀರಿನ ಕೆಲಸವೆಂಬುದಕ್ಕೆ ಬಲವಾದ ಸಾಕ್ಷ್ಯ. ಮತ್ತೆ, ಆ ಕಲ್ಲುಗಳಿಗೆ ಅಂಟಾಗಿರುವ ಮರಳು ಪದರಪದರವಾಗಿ ಕೂತಿದೆಯೇ, ಮೇಲಿನ ಪದರದಲ್ಲಿ ಕಲ್ಲುಗಳು ಸಣ್ಣವಾಗುತ್ತ ಮರಳಾಗಿ ಮುಗಿಯುತ್ತವೆಯೇ ಎಂಬುದನ್ನೂ ನೋಡತಕ್ಕದ್ದು. ಒತ್ತಡದಿಂದ ಕಲ್ಲುಗಳು ಚಪ್ಪಟೆಯಾಗಿ ಎಳೆದಂತಾಗಿರುವುದುಂಟು. ಅಷ್ಟರಿಂದಲೇ ಅವು ಒತ್ತಡದಿಂದ ಹುಟ್ಟಿದವೆಂದು ಹೇಳಲಾಗದು. ವೃದ್ಧನ ಬೆನ್ನು ಬಾಗಿದ್ದರೆ ಅವನು ಬಾಗಿಯೇ ಹುಟ್ಟಿದನೆಂದು ಯಾರೂ ಹೇಳುವುದಿಲ್ಲವಷ್ಟೆ. ಇಂತಹ ಲಕ್ಷಣಗಳನ್ನು ಹಿಡಿದು ಪಿಚಮುತ್ತು ಅವರು ಆ ಶಿಲೆಯು ನೀರಿನಲ್ಲಿ ಸಂಚಯವಾದುದೇ ಎಂಬ ಪಕ್ಷವನ್ನು ಎತ್ತಿಹಿಡಿದರು. ೧೯೪೦ರಲ್ಲಿ ಬಿ. ರಾಮರಾಯರು ಮೈಸೂರಿನ ಪುರಾತನ ಶಿಲಾಸಂಕೀರ್ಣವನ್ನು ಕುರಿತು ಬರೆದ ಗ್ರಂಥದಲ್ಲಿ ಧಾರವಾಡ ಸಮೂಹದೊಳಗಿನ ಜಲಜಶಿಲೆಗಳಿಗೆ ತಕ್ಕ ಸ್ಥಾನವನ್ನು ಕೊಟ್ಟರು.

ಬಾಬಾಬುಡನ್ ಗಿರಿಶ್ರೇಣಿಯ ಬುಡದಲ್ಲಿ ಇನ್ನೂ ಬಲವಾದ ಸಾಕ್ಷ್ಯವಿದ್ದಿತು. ಅಲ್ಲಿ ಧಾರವಾಡ ಸಮೂಹದ ತಳದ ಪದರವು ನೈಸಿನ ಮೇಲೆ ಬಂದು ಕೂತಿದೆ. ಅದು ಬೆಣಚಿನ ಉರುಳುಗಲ್ಲುಗಳಿಂದ ಕೂಡಿದ ಶಿಲೆ. ಅದರ ಮೇಲೆ ಬೆಣಚುಶಿಲೆ. ಈ ಬೆಣಚುಶಿಲೆಯನ್ನು ಓರೆಬಿಸಿಲಿನಲ್ಲಿ ನೋಡಿದರೆ, ಹೊಳೆಯ ಮರಳದಿಣ್ಣೆಯನ್ನು ಕೊಯ್ದಾಗ ಕಾಣುವ ಓರೆಗೆರೆಗಳೂ, ತಿಳಿನೀರಿನ ತಳದಲ್ಲಿ ಕಾಣುವ ಅಲೆಗುರುತುಗಳೂ ಅಚ್ಚಳಿಯದೆ ನಿಂತಿವೆ. ಓರೆಗೆರೆಗಳ ಮೇಲ್ತುದಿಯನ್ನು ಆಮೇಲಿನ ಹೊನಲು ಕೊಯ್ದುಹಾಕಿರುತ್ತದೆ. ಕೊಯ್ದ ಕಡೆಯೇ ಮೇಲಣದು. ಪದರಗಳು ನೆಟ್ಟಗೆ ನಿಂತಿರಲಿ, ತಲೆಕೆಳಗಾಗಿರಲಿ, ಯಾವುದು ಮೇಲು ಯಾವುದು ಕೆಳಗೆಂಬುದನ್ನು ಇಷ್ಟರಿಂದಲೇ ತಿಳಿಯಬಹುದು. ಆ ತಳದ ಉರುಳುಗಲ್ಲಿನ ಪದರದಲ್ಲಿ ಗಂಧಕ ಬೆರೆತ ಕಬ್ಬಿಣದ ಖನಿಜವೂ ಯುರೇನಿಯಂ ಖನಿಜವೂ ನೀರಿನಲ್ಲಿ ಉರುಳಿಬಂದ ಕಣಗಳಾಗಿ ದೊರೆತಿವೆ. ಇಂದಿನ ಗಾಳಿಯಲ್ಲಿ ಇಂತಹ ಕಣಗಳು ಹೊಳೆಯಲ್ಲಿ ಬಹುಕಾಲ ಉಳಿಯವು. ತುಕ್ಕುಹಿಡಿದು, ಕರಗಿ ಹೋಗುವುವು. ಅವು ಉಳಿದಿವೆಯೆಂದರೆ ಆ ಕಾಲದ ಗಾಳಿಯಲ್ಲಿ ಪ್ರಾಣವಾಯುವು ಅತ್ಯಲ್ಪವಾಗಿದ್ದಿತೆಂದು ಅನುಮಾನಿಸುವರು. ಒಂದು ಹಿಡಿ ಕಲ್ಲಿನಿಂದ ಒಂದು ಯುಗದ ಆಕಾಶವನ್ನು ತಿಳಿದಂತಾಯಿತು.

ಚಿತ್ರದುರ್ಗಕ್ಕೆ ಆಗ್ನೇಯದಲ್ಲಿರುವ ಮರಡಿಹಳ್ಳಿಯ ಲಾವಾಶಿಲೆಯೂ ಇದೇ ಬಗೆಯ ಸಾಕ್ಷಿ. ಅಲ್ಲಿ ಬಂಡೆಯ ಮೇಲೆ ದಿಂಬುಗಳನ್ನು ಒಟ್ಟಿದಂತೆ ದುಂಡಾದ ಆಕಾರಗಳು ಸಾಲುಗೂಡಿವೆ. ಕಾದ ಲಾವಾ ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ತಟ್ಟನೆ ತಣಿದು ಚರ್ಮಕಟ್ಟುತ್ತದೆ. ಒಳಗಿನ ದ್ರವವು ಆ ಚರ್ಮವನ್ನು ಒಡೆದು ಮತ್ತೊಂದು ದಿಂಬಾಗಿ ಹೊರಬರುತ್ತದೆ. ಹೀಗೆ ಒಂದರ ಮೇಲೊಂದು ಬಿದ್ದು, ಮೇಲ್ಮೈ ಉಬ್ಬಿ, ಅಡಿಯಭಾಗ ಕೆಳಗಿನ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿಯುತ್ತದೆ. ಇಂದಿಗೂ ಸಮುದ್ರದಡಿಯಲ್ಲಿ ಲಾವಾ ಹರಿಯುವಲ್ಲಿ ಇದೇ ರೂಪವು ಉಂಟಾಗುವುದನ್ನು ಕಂಡಿದ್ದಾರೆ. ಆದುದರಿಂದ ಇಂದು ಮಳೆಗಾಗಿ ಬಾಯಿಬಿಡುವ ಚಿತ್ರದುರ್ಗದ ಬಯಲಿನಲ್ಲಿ ಆಗ ನೀರು ತುಂಬಿನಿಂತಿದ್ದಿತೆಂಬುದು ನಿಸ್ಸಂಶಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಬಂಡೆಯನ್ನೂ ಲಾಲ್‌ಬಾಗಿನ ನೈಸನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ.

ಹಾಗಾದರೆ ಸ್ಮೀತರು ಕಂಡ ನಾಳಗಳು ಸುಳ್ಳೇ? ಅಲ್ಲ. ಅವೂ ಅಷ್ಟೇ ನಿಜ. ಇಂದಿಗೂ ಹೋಗಿ ನೋಡಬಹುದು. ಅನುಮಾನದಲ್ಲಿ ದೋಷವಿದ್ದುದು ಬೇರೆಡೆಯಲ್ಲಿ. ಈ ನಾಳವು ಈ ಪದರುಶಿಲೆಯನ್ನು ಸೀಳಿದೆ, ಆದುದರಿಂದ ಈ ನಾಳ ಈಚಿನದು ಎಂದರೆ ಅದು ಸಾಧುವಾದ ಅನುಮಾನ. ಆದುದರಿಂದ ನೈಸೆಲ್ಲವೂ ಈಚಿನದು, ಪದರುಶಿಲೆಗಳೆಲ್ಲವೂ ಆಚಿನವು ಎಂದರೆ ಹೇತುವು ಪಕ್ಷದ ಒಂದು ಭಾಗದಲ್ಲಿ ಮಾತ್ರ ಇದ್ದು ಇನ್ನೊಂದು ಭಾಗದಲ್ಲಿ ಇಲ್ಲದಂತಾಗುತ್ತದೆ. ಇದನ್ನೇ ಶಾಸ್ತ್ರಕಾರರು ಭಾಗಾಸಿದ್ಧಿಯೆಂದು ಕರೆದಿದ್ದಾರೆ. ನೈಸ್ ಎಂಬ ಒಂದು ಹೆಸರಿನ ಕೆಳಗೆ ಒಂದೇ ವಸ್ತುವಿದೆಯೆಂದು ಎರಡು ಪಕ್ಷದವರೂ ನಂಬಿದ್ದುದೇ ವಾದವು ಇಷ್ಟು ಕಾಲ ತೀರದಿದ್ದುದಕ್ಕೆ ಕಾರಣ.

ಮುಂದಿನ ಶೋಧನೆಗಳು ಈ ಗಂಟನ್ನು ಬಿಡಿಸಿದವು. ಬಿ. ಪಿ. ರಾಧಾಕೃಷ್ಣ ಅವರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಅವರು, ಇನ್ನೂ ಅನೇಕರು ಪಟ್ಟಿಗಳ ಅಂಚನ್ನು ಹಿಡಿದು ಮತ್ತೆ ನಡೆದರು. ಸ್ವಾಮಿನಾಥ್, ರಾಮಕೃಷ್ಣನ್ ಅವರ ಬೃಹದ್ಗ್ರಂಥವು ೧೯೮೧ರಲ್ಲಿ ಪ್ರಕಟವಾಯಿತು. ಇವರೆಲ್ಲರ ಕೆಲಸದಿಂದ ಸ್ಥಿರಪಟ್ಟ ಸಿದ್ಧಾಂತವು ಹೀಗಿದೆ. ಪದರುಶಿಲೆಗಳಲ್ಲಿ ಎರಡು ತಲೆಮಾರುಗಳುಂಟು. ಹೆಗ್ಗಡದೇವನಕೋಟೆಯ ಸೀಮೆಯ ಸರಗೂರಿನ ಹೆಸರನ್ನು ಹೊತ್ತ ಸಮೂಹವು ಹಳೆಯದು. ಇದು ನೈಸಿನ ಒಡಲಿನಲ್ಲಿ ಚೂರುಚೂರಾಗಿ ಸಿಕ್ಕಿಕೊಂಡಿದೆ. ನೈಸು ಅದರ ತರುವಾಯದ್ದು. ಆ ನೈಸು ಸವೆದ ಮೇಲೆ ಅದರ ಮೇಲ್ಗಡೆ ಕೂಡಿದ ಬಾಬಾಬುಡನ್, ಚಿತ್ರದುರ್ಗಗಳ ಪದರಗಳೇ ನಿಜವಾದ ಧಾರವಾಡ ಸಮೂಹ. ಇದಾದ ಬಳಿಕ ಹಳೆಯ ನೈಸಿನ ಕೆಲಭಾಗವು ಆಳದಲ್ಲಿ ಮತ್ತೆ ಕರಗಿ ಹೊಸ ಗ್ರಾನೈಟಾಗಿ ಮೇಲಕ್ಕೆ ನುಗ್ಗಿತು. ಚಿತ್ರದುರ್ಗದ ಕೋಟೆಯ ಬಂಡೆಗಳೂ, ರಾಮನಗರದ ಬೆಟ್ಟಗಳಾದ ಕ್ಲೋಸ್‌ಪೇಟೆ ಗ್ರಾನೈಟೂ ಈ ಕಡೆಯ ತಲೆಮಾರಿನವು. ಇಂತು ನೋಡಿದರೆ ಫೂಟರು ಕಂಡದ್ದೂ ದಿಟ, ಸ್ಮೀತರು ಕಂಡದ್ದೂ ದಿಟ. ನೈಸು ಒಬ್ಬನಿಗೆ ತಂದೆ, ಇನ್ನೊಬ್ಬನಿಗೆ ಮಗ.

ಕಲ್ಲಿನೊಳಗಣ ಗಡಿಯಾರವೂ ಈ ಕ್ರಮವನ್ನೇ ಸಮರ್ಥಿಸುತ್ತದೆ. ಜಿರ್ಕಾನ್ ಎಂಬ ಖನಿಜದ ಸೂಕ್ಷ್ಮಕಣಗಳಲ್ಲಿ ಯುರೇನಿಯಂ ಧಾತುವು ಅಲ್ಪಪ್ರಮಾಣದಲ್ಲಿ ಸೇರಿರುತ್ತದೆ. ಅದು ಗೊತ್ತಾದ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಅದರ ಮುಖ್ಯ ರೂಪದಲ್ಲಿ ಅರ್ಧಭಾಗವು ಕ್ಷಯಿಸುವುದಕ್ಕೆ ಸುಮಾರು ೪೪೭ ಕೋಟಿ ವರ್ಷಗಳು ಬೇಕು. ಉಳಿದ ಯುರೇನಿಯಂ ಎಷ್ಟು, ಕೂಡಿದ ಸೀಸ ಎಷ್ಟು ಎಂದು ಅಳೆದರೆ ಕಣದ ವಯಸ್ಸು ತಿಳಿಯುವುದು. ಇಂತಹ ಅಳತೆಗಳಿಂದ ಸರಗೂರು ಸಮೂಹದ ಬೆಣಚುಶಿಲೆಗಳಲ್ಲಿ ೩೫೦ ಕೋಟಿ ವರ್ಷಗಳಿಗೂ ಮಿಕ್ಕಿದ ಕಣಗಳು ದೊರೆತಿವೆ. ನೈಸಿನ ಬಹುಭಾಗವು ೩೪೦ರಿಂದ ೩೦೦ ಕೋಟಿ ವರ್ಷಗಳ ಹಿಂದಿನದು. ಧಾರವಾಡ ಸಮೂಹವು ಸುಮಾರು ೨೯೦ರಿಂದ ೨೬೦ ಕೋಟಿ ವರ್ಷಗಳ ನಡುವಿನದು. ಕ್ಲೋಸ್‌ಪೇಟೆ ಗ್ರಾನೈಟು ಸುಮಾರು ೨೫೦ ಕೋಟಿ ವರ್ಷದ್ದು. ಆದರೆ ಯಂತ್ರದಿಂದಲೇ ಎಲ್ಲವೂ ತಿಳಿಯಿತೆಂದು ಭಾವಿಸಲಾಗದು. ಯಂತ್ರವು ತನ್ನ ಬಾಯಿಗಿಟ್ಟ ಕಣದ ವಯಸ್ಸನ್ನು ಹೇಳುವುದೇ ಹೊರತು, ಆ ಕಣ ಯಾವ ಬಂಡೆಯದು, ಆ ಬಂಡೆ ಯಾವುದರ ಮೇಲೆ ಕೂತಿತ್ತು, ಯಾವುದನ್ನು ಸೀಳಿತ್ತು ಎಂಬುದನ್ನು ಹೇಳದು. ಅದನ್ನು ಹೇಳಬಲ್ಲವನು ಆ ಕಲ್ಲನ್ನು ಅದರ ಸ್ಥಾನದಲ್ಲಿ ಕಂಡು, ಗುರುತುಹಾಕಿ ತಂದವನೊಬ್ಬನೇ.

ಈ ವಿಚಾರದಿಂದ ಲೋಕಕ್ಕೆ ಆದ ಪ್ರಯೋಜನವೂ ಅಲ್ಪವಲ್ಲ. ಚಿನ್ನವನ್ನು ಧಾರವಾಡ ಜಾತಿಯ ಪಟ್ಟಿಗಳಲ್ಲಿ ಅರಸಬೇಕೆಂಬ ಸೂಚನೆ ಫೂಟರ ನಡಿಗೆಯಿಂದ ಬಲವಾಯಿತು. ಅಂತಹ ಪಟ್ಟಿಗಳಲ್ಲಿದ್ದ ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿಯು ನಡೆದಿದೆ. ಇನ್ನು ಬಯಲುಸೀಮೆಯ ರೈತನಿಗೆ ಚಿನ್ನಕ್ಕಿಂತ ಮೇಲಾದದ್ದು ನೀರು. ನೈಸಿನ ಸೀಮೆಯಲ್ಲಿ ನೀರು ನಿಲ್ಲುವುದು ಬಂಡೆಯ ಒಡಲಿನಲ್ಲಲ್ಲ. ಮೇಲಣ ಕೊಳೆತ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ. ಆ ಪದರವು ಎಲ್ಲಿ ದಪ್ಪ, ಬಿರುಕುಗಳು ಯಾವ ದಿಕ್ಕಿಗೆ, ನಡುವೆ ಕರಿಕಲ್ಲಿನ ಗೋಡೆ ಎಲ್ಲಿ ಅಡ್ಡನಿಂತಿದೆ ಎಂಬುದನ್ನು ನೋಡದೆ ಕೊಳವೆಬಾವಿಯನ್ನು ಕೊರೆಸಿದವನು ಸಾಲವನ್ನು ಮಾತ್ರ ಮೇಲಕ್ಕೆತ್ತುವನು.

ಇಷ್ಟೆಲ್ಲಕ್ಕೂ ಆಧಾರವಾದ ಸಾಕ್ಷಿಗಳು ದೊಡ್ಡ ಬೆಟ್ಟಗಳಲ್ಲಿ ಇರುವುವೆಂದೇನೂ ಇಲ್ಲ. ಹಳ್ಳದ ದಂಡೆಯಲ್ಲಿ ಹತ್ತು ಮೊಳದ ಒಂದು ಹಾಸುಬಂಡೆ. ಅದರ ಮೇಲೆ ನೈಸು ಮುಗಿದು ಉರುಳುಗಲ್ಲಿನ ಪದರವು ತೊಡಗುವ ಒಂದು ಗೆರೆ: ಇದಿಷ್ಟೇ. ಘೋಷಿತವಾದ ಸ್ಮಾರಕಗಳಿಗೆ ಹೆಸರು ಹಲಗೆಯ ರಕ್ಷೆಯಾದರೂ ಉಂಟು. ಆ ಪಟ್ಟಿಗೆ ಸೇರದ ಗೆರೆಗಳಿಗೆ ಕಾವಲಿಲ್ಲ. ಜಲ್ಲಿಯ ಯಂತ್ರಕ್ಕೆ ನೈಸೆಂದೂ ಕಾಂಗ್ಲೋಮರೇಟೆಂದೂ ಭೇದವಿಲ್ಲ. ಒಂದು ವಾರದಲ್ಲಿ ಅದು ರಸ್ತೆಯ ಜಲ್ಲಿಯಾಗಿ ಹೋಗಬಹುದು. ತಾಳೆಯೋಲೆಯ ಗ್ರಂಥವು ನಾಶವಾದರೆ ಮತ್ತೊಂದು ಪ್ರತಿಯನ್ನು ಬೇರೆ ಊರಿನಲ್ಲಿ ಹುಡುಕಬಹುದು. ಈ ಗೆರೆಗೆ ಪ್ರತಿಯಿಲ್ಲ. ಅದು ಹೋದರೆ ಹೋದದ್ದು ಕಲ್ಲಲ್ಲ, ಪ್ರಮಾಣ. ಆಮೇಲೆ ಉಳಿಯುವುದು ಇಂಥವರು ಹೀಗೆ ಕಂಡರಂತೆ ಎಂಬ ಮಾತು ಮಾತ್ರ. ಸಂಶಯಪಟ್ಟವನು ಹೋಗಿ ನೋಡಿ ತೀರಿಸಿಕೊಳ್ಳುವ ಅವಕಾಶವು ಎಂದೆಂದಿಗೂ ತಪ್ಪಿಹೋಗುವುದು. ಹಿಂದಿನವರ ಮಾತು ಎಷ್ಟೇ ದೊಡ್ಡದಾಗಲಿ, ಸ್ಥಳಕ್ಕೆ ಹೋಗಿ ಪರೀಕ್ಷಿಸಿದುದರಿಂದಲೇ ನೂರು ವರ್ಷದ ವಾದವು ತೀರಿತೆಂಬುದನ್ನು ಈಗ ವಿವರಿಸಿದ್ದಾಯಿತಷ್ಟೆ.

ಆದಕಾರಣ ಪಾಠಶಾಲೆಗಳಲ್ಲಿಯೂ ವಿದ್ಯಾಲಯಗಳಲ್ಲಿಯೂ ಭೂಶಾಸ್ತ್ರವನ್ನು ಹೇಳುವವರು ವರ್ಷಕ್ಕೆ ನಾಲ್ಕು ದಿನವಾದರೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಊರ ಹೊರಗಿನ ಹಳ್ಳಕ್ಕೆ ಹೋಗತಕ್ಕದ್ದು. ಮೊದಲ ದಿನ ಅವರಿಗೆ ಎಲ್ಲವೂ ಬರಿಯ ಕಲ್ಲಾಗಿಯೇ ಕಾಣುವುದು. ಎರಡನೆಯ ದಿನ ಬಣ್ಣಗಳು ಬೇರೆಯಾಗುವುವು. ಮೂರನೆಯ ದಿನ ಇದು ಅದನ್ನು ಸೀಳಿದೆ ಎಂದು ಯಾವನೋ ಒಬ್ಬ ಹುಡುಗನು ಬೆರಳುಮಾಡಿ ತೋರಿಸುವನು. ಅಲ್ಲಿಗೆ ಅವನ ಅಭ್ಯಾಸ ತೊಡಗಿತೆಂದು ತಿಳಿಯಬೇಕು. ಗ್ರಾಮಸ್ಥರೂ ತಮ್ಮ ಊರಿನ ಅಪೂರ್ವವಾದ ಬಂಡೆ ಯಾವುದೆಂಬುದನ್ನು ಬಲ್ಲವರಿಂದ ಕೇಳಿ ತಿಳಿದು, ಕೆರೆಯ ಏರಿಯನ್ನೂ ಗುಂಡುತೋಪನ್ನೂ ಕಾಯುವಂತೆ ಅದನ್ನೂ ಕಾಯತಕ್ಕದ್ದು. ಅಷ್ಟಾದರೆ ಮುಂದೆ ಬರುವವರಿಗೆ ಇಂದಿನ ಸಿದ್ಧಾಂತವನ್ನೂ ಪರೀಕ್ಷಿಸಿ, ತಪ್ಪಿದ್ದರೆ ತಿದ್ದುವುದಕ್ಕೆ ಸಾಧನವು ಉಳಿದಿರುವುದು. ಅಲಂ ವಿಸ್ತರೇಣ.